ಕಬ್ಬಿಣದ ಪಾಲು

ಪೌಂಡಪ್ಪನ ಮುತ್ತಾತ ಹೊಳೆ ದಾಟಿಸುವ ಹಬೆದೋಣಿಯಲ್ಲಿ ಒಲೆ ಉರಿಸುತ್ತಿದ್ದವನು. ಒತ್ತಡ ತೋರಿಸುವ ಮುಳ್ಳಿನ ಡಬ್ಬಿ ದೋಣಿಯಲ್ಲಿತ್ತಂತೆ, ಆದರೆ ಅದನ್ನು ಓದುವ ವಿದ್ಯೆ ಅವನಿಗಿರಲಿಲ್ಲ. ಕಾದ ತಗಡಿನ ಮೇಲೆ ಉಗುಳುತ್ತಿದ್ದ. ಉಗುಳು ಬಿದ್ದಲ್ಲೇ ಚುಂಯ್ ಎಂದರೆ ಇನ್ನೆರಡು ಸಲಿಕೆ ಕಲ್ಲಿದ್ದಲು. ಗುಂಡಗಾಗಿ ಕುಣಿದು ಓಡಿದರೆ ಸಾಕು. ಈ ಉಗುಳಿನ ಲೆಕ್ಕದಲ್ಲೇ ಮೂವತ್ತು ವರ್ಷ ಜನರನ್ನು ಆಚೆ ದಡ ಮುಟ್ಟಿಸಿದ. ಯಾರ ಕೂದಲೂ ಕೊಂಕಲಿಲ್ಲ.

ಅವನ ಮಗ ಹಗ್ಗದ ಕಾರ್ಖಾನೆಯ ಬಾಯ್ಲರ್ ಕಾದ. ಆ ಹೊತ್ತಿಗೆ ಮನೆತನಕ್ಕೆ ಅಕ್ಷರ ಬಂದಿತ್ತು. ಮುಳ್ಳು ಚದರ ಅಂಗುಲಕ್ಕೆ ಎಷ್ಟು ಪೌಂಡ್ ಒತ್ತಡ ತೋರಿಸುತ್ತಿದೆ ಎಂದು ಓದಬಲ್ಲವನಾಗಿದ್ದ. ಒಂದು ದಿನ ಮಾಲೀಕನ ಕಡೆಯವನೊಬ್ಬ ಬಂದು, ಈ ಹಂಡೆ ಎಷ್ಟು ತಡೆಯುತ್ತದೆ ಎಂದು ಕೇಳಿದ. ತಾತ ಇದ್ದದ್ದನ್ನು ಇದ್ದಂತೆ, ತೊಂಬತ್ತು ಎಂದ. ಕೆಲಸದವರು ಯಾವತ್ತೂ ಕಮ್ಮಿಯೇ ಹೇಳುವುದು ಎಂದುಕೊಂಡ ಆ ಮನುಷ್ಯ, ತಾತ ಊಟಕ್ಕೆ ಹೋದ ಹೊತ್ತಿನಲ್ಲಿ ನೂರಹತ್ತಕ್ಕೆ ಏರಿಸಿದ. ಹಂಡೆ ಸೀಳಿತು. ಸಲಿಕೆ ಹಿಡಿದು ನಿಂತಿದ್ದವನು ತಾತನ ಒಡಹುಟ್ಟಿದ ತಮ್ಮ. ಅವನನ್ನು ಗುರುತು ಹಿಡಿದದ್ದು ಕಾಲಿನ ಚಪ್ಪಲಿಯಿಂದ.

ಅವತ್ತಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿತು. ಯಾರು ಏನೇ ಅಂಕಿ ಕೇಳಲಿ, ಮೂರು ಪಾಲಿನಲ್ಲಿ ಎರಡು ಪಾಲು ಮಾತ್ರ ಹೇಳಬೇಕು. ಉಳಿದ ಒಂದು ಪಾಲು ಕಬ್ಬಿಣದ್ದು. ಕೇಳಿದವನು ತನ್ನದನ್ನೂ ಒಂದಿಷ್ಟು ಸೇರಿಸಿಯೇ ಸೇರಿಸುತ್ತಾನೆ. ಅವನು ಸೇರಿಸಿದ ಮೇಲೂ ಜೀವಗಳು ಉಳಿಯಬೇಕು.

ಪೌಂಡಪ್ಪನ ಅಪ್ಪನ ಕಾಲಕ್ಕೆ ಪೌಂಡ್ ಹೋಗಿ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂಬ ಲೆಕ್ಕ ಬಂತು. ಆತ ಬಣ್ಣದ ಕಾರ್ಖಾನೆಯ ಬಾಯ್ಲರ್ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದ: ಒಂದು ಕಿಲೋ ಅಂದರೆ ಹದಿನಾಲ್ಕು ಪೌಂಡ್ ಚಿಲ್ಲರೆ. ಮಗನ ಕಾಲಕ್ಕೆ ಬಾರ್ ಬಂತು. ಮಗ ಅದರ ಕೆಳಗೇ ಎರಡನೆಯ ಸಾಲು ಬರೆದ: ಒಂದು ಬಾರ್ ಹದಿನಾಲ್ಕೂವರೆ ಪೌಂಡ್. ಉಗುಳು, ಪೌಂಡ್, ಕಿಲೋ, ಬಾರ್. ಒಂದೊಂದು ತಲೆಮಾರಿಗೂ ಒಂದೊಂದು ಅಳತೆ. ಕಬ್ಬಿಣದ ಪಾಲು ಮಾತ್ರ ನಾಲ್ಕರಲ್ಲಿ ಮೂರು ತಲೆಮಾರು ಒಂದೇ.

ಮಗನಿಗೆ ಪೌಂಡಪ್ಪ ಎಂಬ ಹೆಸರು ಬಿದ್ದದ್ದು ಬಣ್ಣದ ಕಾರ್ಖಾನೆಯಲ್ಲಿ. ನೂಲಿಗೆ ಬಣ್ಣ ಹಾಕುವ ತೊಟ್ಟಿಗಳಿಗೆ ನಲವತ್ತು ವರ್ಷ ಹಬೆ ಕೊಟ್ಟವನು. ಶಾಲೆ ನಾಲ್ಕನೆಯ ತರಗತಿಗೇ ಮುಗಿದಿತ್ತು, ಆದರೆ ಓದಿದವರನ್ನು ನಿಲ್ಲಿಸಿ ನೀರು ಕುಡಿಸುವ ಲೆಕ್ಕ ಬಾಯಲ್ಲೇ ಮಾಡುತ್ತಿದ್ದ. ಸೈಕಲ್ ಅಂಗಡಿಯವನು ಬಾರ್ ಅಂದರೆ ಇವನು ಪೌಂಡ್ ಹೇಳುವನು. ಮನೆಯಲ್ಲಿ ಕುಕ್ಕರ್ ಸೀಟಿ ಹಾಕಿದರೆ, "ಹದಿನೈದು ಪೌಂಡ್ ಮುಟ್ತು, ಒಲೆ ಸಣ್ಣ ಮಾಡೇ" ಎನ್ನುವನು. ಅವನ ವಾಷರ್ ಕೂಡ ಹೆಸರುವಾಸಿ. ಪೌಂಡಪ್ಪ ಬಿಗಿದ ಜೋಡಣೆಯಲ್ಲಿ ಸೋಪಿನ ನೊರೆ ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳುವುದಿಲ್ಲ ಎಂಬುದು ಕಾರ್ಖಾನೆಯಲ್ಲಿ ಪಂಥ ಕಟ್ಟುವ ಮಾತಾಗಿತ್ತು. ಅದಕ್ಕೆ ಎದುರಾಗಿ ಕಟ್ಟಿದವರು ಸೋತರು.

ಕಬ್ಬಿಣದ ಪಾಲು ಮನೆಯೊಳಗೂ ಬಂದಿತ್ತು. ಮಗಳು ಪರೀಕ್ಷೆಯಲ್ಲಿ ಎಪ್ಪತ್ತೈದು ತೆಗೆದರೆ ಬೀದಿಯಲ್ಲಿ ಐವತ್ತು ಎಂದು ಹೇಳಿ ಬಂದ. ಹುಡುಗಿ ಎರಡು ದಿನ ಅತ್ತಳು. ಡಾಕ್ಟರು ವಯಸ್ಸು ಕೇಳಿದರೆ ಅರವತ್ತಾರಕ್ಕೆ ಒಂದು ಪಾಲು ಕಳೆದು ನಲವತ್ನಾಲ್ಕು ಎಂದ.

"ನಲವತ್ನಾಲ್ಕಕ್ಕೇ ಹಲ್ಲೆಲ್ಲ ಎಲ್ಲಿ ಹೋದ್ವು ಯಜಮಾನ್ರೇ?" ಎಂದರು ಡಾಕ್ಟರು.

"ಅವರ ಬಾಯಿಂದ ಏನೇ ಬಂದ್ರೂ ಅರ್ಧ ಸೇರಿಸ್ಕೊಳ್ಳಿ ಸಾರ್," ಎಂದು ಪಕ್ಕದಲ್ಲಿದ್ದ ಹೆಂಡತಿ ಹೇಳಿದಳು. "ನಾನೂ ನನ್ನ ಮಗಳೂ ಹಂಗೇ ಬಾಳ್ವೆ ಮಾಡ್ತಿರೋದು. ಎಂಟು ಅಂದ್ರೆ ಹನ್ನೆರಡು."

ಹೆಂಡತಿ ಅದೇ ಕಾರ್ಖಾನೆಯಲ್ಲಿ ಹತ್ತಿ ಹಿಂಜುವ ಕೋಣೆಯಲ್ಲಿದ್ದವಳು. ಮೂವತ್ತು ವರ್ಷದ ಹತ್ತಿಯ ದೂಳು ಎದೆಯಲ್ಲಿ ಕೂತು ಗಟ್ಟಿಯಾಗಿ, ಕೊನೆಗೆ ಉಸಿರು ತನ್ನಷ್ಟಕ್ಕೆ ತಾನು ಬರುವುದನ್ನೇ ಮರೆಯಿತು. ಮಂಚದ ಪಕ್ಕ ಆಮ್ಲಜನಕದ ಸಿಲಿಂಡರ್ ಬಂತು, ಮೂಗಿಗೆ ನಳಿಕೆ ಬಂತು. ನಿಮಿಷಕ್ಕೆ ಎರಡು ಲೀಟರ್, ಅದಕ್ಕಿಂತ ಇಳಿಸಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಪೌಂಡಪ್ಪನಿಗೆ ಮತ್ತೆ ಕಾಯುವುದಕ್ಕೆ ಒಂದು ಮುಳ್ಳು ಸಿಕ್ಕಿತು. ಕಾರ್ಖಾನೆಯ ಬಾಗಿಲ ಮೇಲಿದ್ದ ಸಾಲುಗಳನ್ನು ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಬರೆದುಕೊಂಡ. ಅದರ ಕೆಳಗೆ ಹೊಸ ಸಾಲು: ಮುಳ್ಳು ತೋರಿಸುವ ಬಾರನ್ನು ಸಿಲಿಂಡರಿನ ಗಾತ್ರದಿಂದ ಗುಣಿಸು, ಒಳಗಿರುವ ಗಾಳಿ ಎಷ್ಟು ಲೀಟರ್ ಎಂಬುದು ಬರುತ್ತದೆ, ಅದನ್ನು ಎರಡರಿಂದ ಭಾಗಿಸು, ನಿಮಿಷ ಬರುತ್ತದೆ. ಹತ್ತು ಲೀಟರಿನ ಚಿಕ್ಕ ಸಿಲಿಂಡರ್ ನೂರೈವತ್ತು ಬಾರ್ ತುಂಬಿ ಬಂದರೆ ಸಾವಿರದ ಐನೂರು ಲೀಟರ್, ಹನ್ನೆರಡೂವರೆ ಗಂಟೆ. ಹೆಂಡತಿಗೆ ಹೇಳುವುದು ಎಂಟು ಗಂಟೆ ಚಿಲ್ಲರೆ. ಅವಳು ಮನಸ್ಸಿನಲ್ಲೇ ಅರ್ಧ ಸೇರಿಸಿಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚುವಳು.

ಒಮ್ಮೆ ತಮಾಷೆಗೆ ಕೇಳಿದ್ದಳು. "ರೀ, ಇಷ್ಟು ದಪ್ಪ ಕಬ್ಬಿಣದಲ್ಲಿ ತುರುಕಿಟ್ಟಿದಾರಲ್ಲ, ಅದರಲ್ಲಿ ಕಸುವೆಷ್ಟಿದೆ?"

ಅವನು ಬಾಗಿಲ ಹಿಂದೆ ಹೋಗಿ ಒತ್ತಡ ಮತ್ತು ಗಾತ್ರ ಗುಣಿಸಿ, ಜೂಲ್ ಮಾಡಿ, ಜೂಲನ್ನು ಕ್ಯಾಲರಿ ಮಾಡಿ ಬಂದ. "ಇಪ್ಪತ್ನಾಲ್ಕು ಕಿಲೋಕ್ಯಾಲರಿ ಕಣೇ. ಆ ಕಾವಿಗೆ ಮುನ್ನೂರು ಮಿಲಿ ಚಿಲ್ಲರೆ ನೀರು ಕುದಿಯುತ್ತೆ. ಎರಡು ಲೋಟ ಚಹಾ."

"ಅಷ್ಟೇನಾ?"

"ಅಷ್ಟೇ."

"ಅರ್ಧ ಸೇರಿಸಿದ್ರೆ ಮೂರು. ಮೂರು ಲೋಟ ಚಹಾದಲ್ಲಿ ಬದುಕಿದೀನಿ ಅನ್ನಿ," ಎಂದು ನಕ್ಕಳು. ನಕ್ಕದ್ದಕ್ಕೆ ಹತ್ತು ನಿಮಿಷ ಕೆಮ್ಮಿದಳು.

ಮಗಳು ಅಪ್ಪನ ದಾರಿಯಲ್ಲೇ ಅಳತೆ ಹಿಡಿದವಳು. ಮನೆಮನೆಗೆ ಹೋಗಿ ಅಡುಗೆ ಅನಿಲದ ಮೀಟರ್ ಓದುವ ಕೆಲಸ. ಮೀಟರು ತೋರಿಸುವುದು ಘನಮೀಟರು, ಚೀಟಿಯಲ್ಲಿ ಬರೆಯುವುದು ಶಕ್ತಿಯ ಯೂನಿಟ್ಟು. ನಾವು ಉರಿಸಿದ್ದು ಗಾಳಿ, ನೀನು ಬರೆದದ್ದು ಇನ್ನೇನೋ, ಇದ್ಯಾವ ಮಾಯ ಎಂದು ಜನ ಜಗಳಕ್ಕೆ ನಿಂತರೆ, ಮೆಟ್ಟಿಲ ಮೇಲೆ ಕೂತು ಬಿಡಿಸಿ ಹೇಳುವ ತಾಳ್ಮೆ ಅವಳಿಗಿತ್ತು. ಅಪ್ಪನ ಅಂಕಿಗೆ ಅರ್ಧ ಸೇರಿಸುವುದನ್ನು ಮಾತು ಕಲಿತಾಗಲೇ ಕಲಿತಿದ್ದಳು. ಅದು ಅವಳಿಗೆ ಲೆಕ್ಕವೇ ಅಲ್ಲ, ಉಸಿರಾಡಿದ ಹಾಗೆ.

ಆ ವರ್ಷ ಹೊಳೆಯ ಸೇತುವೆ ಬಿರುಕು ಬಿಟ್ಟಿತು. ವಾಹನಗಳನ್ನು ತಡೆದರು. ಆಸ್ಪತ್ರೆ, ಸಿಲಿಂಡರ್ ಡಿಪೋ, ದೊಡ್ಡ ಮಾರುಕಟ್ಟೆ ಎಲ್ಲ ಆಚೆ ದಡದಲ್ಲಿ. ಎರಡು ದಿನಕ್ಕೊಮ್ಮೆ ದೊಡ್ಡ ಸಿಲಿಂಡರ್ ತಂದಿಳಿಸುವ ವ್ಯಾನ್ ಬರಲಿಲ್ಲ. ಮೂರನೆಯ ದಿನ ಕೋಳಿ ಕೂಗುವ ಮುಂಚೆಯೇ ದೊಡ್ಡದು ಮುಗಿಯಿತು. ಪೌಂಡಪ್ಪ ಕೈ ತೊಳೆದು ಒರೆಸಿ, ಹೊಸ ಬಿಳಿ ವಾಷರ್ ಕೂರಿಸಿ, ಆಪತ್ತಿಗೆಂದು ಇಟ್ಟಿದ್ದ ಚಿಕ್ಕದನ್ನು ಜೋಡಿಸಿ, ನೊರೆ ಹಚ್ಚಿ ನೋಡಿದ. ಒಂದು ಗುಳ್ಳೆ ಏಳಲಿಲ್ಲ. ಮಗಳು ಬೆಳಕು ಹರಿಯುವುದರೊಳಗೆ ನಡೆದೇ ಸೇತುವೆ ದಾಟಿದಳು.

ಏಳೂವರೆಗೆ ಫೋನ್ ಬಂತು.

"ಅಪ್ಪ, ಡಿಪೋ ಗೇಟಲ್ಲಿದೀನಿ. ಮನೆಗೊಂದೇ ಕೊಡೋದಂತೆ. ಚಿಕ್ಕದಾದ್ರೆ ಈಗಲೇ ಸಿಗುತ್ತೆ, ಹೆಗಲ ಮೇಲೆ ಹೊತ್ಕೊಂಡು ಬೆಳಿಗ್ಗೆ ಹತ್ತರೊಳಗೆ ಬಂದ್ಬಿಡ್ತೀನಿ. ದೊಡ್ಡದಾದ್ರೆ ತುಂಬಿಸೋವರೆಗೂ ಕಾದು, ಲಾರೀಲಿ ಸುತ್ತು ದಾರಿ ಹಿಡಿದು ಬರ್ಬೇಕು, ಸಂಜೆ ಆರಾಗುತ್ತೆ. ಅಮ್ಮನಿಗೆ ಇನ್ನೆಷ್ಟು ಗಂಟೆ ಗಾಳಿ ಇದೆ ಹೇಳು."

ಪೌಂಡಪ್ಪ ಮುಳ್ಳು ನೋಡಿದ. ತೊಂಬತ್ತಾರು ಬಾರ್. ಒಂಬೈನೂರ ಅರವತ್ತು ಲೀಟರ್. ನಾನೂರ ಎಂಬತ್ತು ನಿಮಿಷ. ಎಂಟು ಗಂಟೆ. ಕಬ್ಬಿಣದ ಪಾಲು ಕಳೆದರೆ ಐದು ಗಂಟೆ ಇಪ್ಪತ್ತು ನಿಮಿಷ. ಐದು ಎಂಬುದು ನಾಲಗೆಯ ತುದಿಗೆ ಬಂತು. ಆಗ ಹೆಂಡತಿಯ ಕಣ್ಣು ಕಂಡಿತು.

ಅವಳು ದಿಂಬಿಗೆ ಒರಗಿ ಅವನ ಬಾಯನ್ನೇ ನೋಡುತ್ತಿದ್ದಳು. ಮೂರು ದಿನದಿಂದ ಅವಳು ಬೇರೇನನ್ನೂ ನೋಡಿರಲಿಲ್ಲ. ಆ ಕಣ್ಣಿನ ಮುಂದೆ ಐದು ಎಂಬ ಮಾತು ಅವನಿಂದ ಆಗಲಿಲ್ಲ.

"ಎಂಟು," ಎಂದ.

ಹುಟ್ಟಿದಾಗಿನಿಂದ ಕೇಳಿದವರಿಗೆ ಅವನು ಇಡೀ ಅಂಕಿ ಹೇಳಿದ್ದು ಅದೇ ಮೊದಲ ಸಲ.

"ಎಂಟಾ? ಅಬ್ಬ, ಹೋದ ಜೀವ ಬಂತು. ಹಾಗಾದ್ರೆ ದೊಡ್ಡದಕ್ಕೇ ನಿಲ್ತೀನಿ ಅಪ್ಪ. ಚಿಕ್ಕದು ತಂದ್ರೆ ನಾಳೆ ಮತ್ತೆ ಇದೇ ಗೋಳು. ಒಳಗೆ ಫೋನ್ ಬಿಡಲ್ಲ, ಗೇಟಲ್ಲೇ ಕೊಡ್ಬೇಕು. ಇಡ್ತೀನಿ."

ಫೋನ್ ಕಿವಿಗೆ ಹಿಡಿದೇ ಅವನು ನಿಂತಿದ್ದ. ಏಳೂವರೆಗೆ ಎಂಟು ಸೇರಿದರೆ ಮಧ್ಯಾಹ್ನ ಮೂರೂವರೆ. ಇವಳು ಆರು ಎಂದಳಲ್ಲ, ಲೆಕ್ಕದಲ್ಲಿ ಗಟ್ಟಿಗಿತ್ತಿ, ಆರು ಹೇಗೆಂದಳು? ಆಮೇಲೆ ಹೊಳೆಯಿತು. ಎಂಟು ಅಂದರೆ ಹನ್ನೆರಡು. ಮತ್ತೆ ಫೋನ್ ಮಾಡಿದ. ಆಗಲೇ ಅವಳ ಫೋನ್ ಗೇಟಿನವನ ಪೆಟ್ಟಿಗೆ ಸೇರಿ ಬಾಯಿ ಮುಚ್ಚಿತ್ತು. ಡಿಪೋದ ಕಚೇರಿಗೆ ಮಾಡಿದ. ಈಚೆ ದಡದವರೆಲ್ಲ ಅದೇ ನಂಬರಿಗೆ ಬಿದ್ದಿದ್ದರು. ಎಷ್ಟು ಸಲ ಒತ್ತಿದರೂ ಬೇರೆಯವರ ಜೊತೆ ಮಾತಿನಲ್ಲಿದ್ದಾರೆ ಎಂಬ ಒಂದೇ ರಾಗ.

"ಯಾಕ್ರೀ ಮುಖ ಹಂಗೆ?" ಎಂದಳು ಹೆಂಡತಿ. "ಹನ್ನೆರಡು ಗಂಟೆ ಇದೆಯಲ್ಲ. ಬೇಕಾದಷ್ಟಾಯ್ತು." ಅವಳ ಮುಖದಲ್ಲಿ ಮೂರು ದಿನಕ್ಕೆ ಮೊದಲ ಬಾರಿ ಬಿಗಿ ಸಡಿಲಿತ್ತು.

ಅವನು ಓಡಿಹೋಗಿ ಎದುರುಮನೆಯ ದರ್ಜಿಯನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿದ. "ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ, ಡಿಪೋಗೆ ಓಡು. ನನ್ನ ಮಗಳಿಗೆ ಒಂದೇ ಮಾತು ಹೇಳು: ಚಿಕ್ಕದನ್ನ ತಗೊಂಡು ಈಗಲೇ ಬಾ ಅಂತ."

"ಕಾಲಿಗೆ ಬೀಳೋ ವಯಸ್ಸೇನಣ್ಣ ನಿಂದು, ಬಿಡು, ಹೊರಟೆ," ಎಂದು ದರ್ಜಿ ಕುತ್ತಿಗೆಯ ಅಳತೆಪಟ್ಟಿಯನ್ನೂ ತೆಗೆಯದೆ ಸೈಕಲ್ ಹತ್ತಿದ.

ಎಂಟು ಗಂಟೆಗೆ ಪೌಂಡಪ್ಪ ಬಾಗಿಲ ಹಿಂದೆ ನಿಂತು ಮತ್ತೆ ಲೆಕ್ಕ ಹಾಕಿದ. ಉಳಿದದ್ದು ಒಂಬೈನೂರು ಲೀಟರ್. ಸಂಜೆ ಆರಕ್ಕೆ ಹತ್ತು ಗಂಟೆ, ಆರುನೂರು ನಿಮಿಷ. ಭಾಗಿಸಿದರೆ ಸರಿಯಾಗಿ ಒಂದೂವರೆ ಬಂತು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಲೆಕ್ಕ ಎಂದೂ ಅವನ ಕೈ ಬಿಟ್ಟದ್ದಿಲ್ಲ. ಬಂದು ತಿರುಗಣೆ ಹಿಡಿದು ಎರಡನ್ನು ಒಂದೂವರೆಗೆ ಇಳಿಸಿದ.

ಕಾಗದದ ಮೇಲೆ ಸರಿಬಂದದ್ದು ಎದೆಯಲ್ಲಿ ಸರಿಬರಲಿಲ್ಲ. ಒಂಬತ್ತಕ್ಕೆ ಅವಳ ಉಗುರು ಕಪ್ಪಿಟ್ಟಿತು. ಹತ್ತಕ್ಕೆ ತುಟಿ.

"ಸ್ವಲ್ಪ ಏರಿಸ್ರೀ," ಎಂದಳು. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕುತ್ತಿದ್ದಳು. "ಇಷ್ಟೊಂದು ಇಟ್ಕೊಂಡು... ಯಾರಿಗೆ ಉಳಿಸ್ತಿದೀರಿ?"

"ಈಗ ಏರಿಸ್ತೀನಿ. ಇನ್ನೊಂದ್ಚೂರು ತಡಿ."

"ಕಬ್ಬಿಣಕ್ಕೆ ಪಾಲು ಕೊಡೋರು... ನನಗೆ ಕೊಡಲ್ವಾ?"

ಅವನು ಮುಖ ತಿರುಗಿಸಿದ. ಬೆನ್ನು ನೀವಿದ, ಕಿಟಕಿ ತೆಗೆದ, ಬೀಸಣಿಗೆ ಹಿಡಿದ. ಅಷ್ಟು ವರ್ಷ ತೊಟ್ಟಿಗಳಿಗೆ ಕೊಟ್ಟ ಹಬೆಯನ್ನೆಲ್ಲ ಸೇರಿಸಿದರೆ ಒಂದು ಊರನ್ನೇ ಎತ್ತಿಡಬಹುದಿತ್ತು. ಈಗ ಅರ್ಧ ಲೀಟರ್ ಗಾಳಿಗೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ಹನ್ನೊಂದಕ್ಕೆ ದರ್ಜಿ ಬಂದ. ಬೆವರಿನಲ್ಲಿ ಮುಳುಗೆದ್ದಿದ್ದ.

"ಬಿಡಲಿಲ್ಲ ಅಣ್ಣ. ನಾನು ಹೋಗೋ ಹೊತ್ತಿಗೆ ಬಿರುಕು ಇನ್ನೂ ಅಗಲ ಆಗಿತ್ತಂತೆ, ನಡೆಯೋ ಜನಾನೂ ನಿಲ್ಲಿಸ್ಬಿಟ್ರು. ಕೈ ಮುಗಿದೆ, ಬೈದೆ, ನುಗ್ಗೋಕೂ ನೋಡಿದೆ, ಲಾಠಿ ಎತ್ತಿದ್ರು. ಬರೋವಾಗ ಈ ಕಡೆ ಕ್ಲಿನಿಕ್ಕಿಗೂ ಹೋಗಿದ್ದೆ. ಅವರದು ಮೊನ್ನೇನೇ ಖಾಲಿ."

ಪೌಂಡಪ್ಪ ಒಳಗೆ ಹೋಗಿ ತಿರುಗಣೆಯನ್ನು ಎರಡಕ್ಕೆ ಏರಿಸಿದ. ಆದದ್ದಾಗಲಿ ಎಂದು ಒಂದು ಗಂಟೆ ಹಾಗೇ ಬಿಟ್ಟ. ಅವಳ ತುಟಿಗೆ ಸ್ವಲ್ಪ ಬಣ್ಣ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಮುಳ್ಳು ಐವತ್ತೊಂದು ತೋರಿಸಿತು. ಅವನು ಬಾಗಿಲಿಗೂ ಸಿಲಿಂಡರಿಗೂ ನಡುವೆ ಬೋನಿಗೆ ಬಿದ್ದವನಂತೆ ಓಡಾಡುತ್ತಿದ್ದ. ಬಣ್ಣ ಬಂದದ್ದೇ ಅವಳಿಗೆ ಮನಸ್ಸೂ ತಿಳಿಯಾಯಿತು. ನಲವತ್ತು ವರ್ಷ ಅವನ ಮುಖವನ್ನು ಮುಳ್ಳಿನ ಹಾಗೆ ಓದಿದವಳು.

"ಇಲ್ಲಿ ಕೂತ್ಕೊಳ್ಳಿ," ಎಂದಳು.

ಕೂತ.

"ಬೆಳಿಗ್ಗೆ ಅವಳಿಗೆ ಹೇಳಿದ್ರಲ್ಲ ಎಂಟು. ಅದು ಮೂರರಲ್ಲಿ ಎರಡು ಪಾಲೋ... ಪೂರಾ ಮೂರೋ?"

ಅವನು ನೆಲ ನೋಡಿದ.

"ನನಗೋಸ್ಕರ ಹೇಳಿದ್ರಿ," ಎಂದಳು. "ನನ್ನ ಮುಖ ನೋಡಿ."

"ತಪ್ಪಾಯ್ತು ಕಣೇ."

"ಇರ್ಲಿ ಬಿಡಿ. ಈಗ ಒಂದಕ್ಕೆ ಇಳಿಸಿ. ಅವಳು ಬರೋವರೆಗೂ ಬರುತ್ತಾ?"

"ಒಂದಕ್ಕೆ ಇಳಿಸಿದ್ರೆ ಎಂಟೂವರೆವರೆಗೂ ಬರುತ್ತೆ. ಆದ್ರೆ ನೀನು..."

"ಇಳಿಸಿ. ಇಲ್ಲಾಂದ್ರೆ ನಾನೇ ಇಳಿಸ್ತೀನಿ." ನಿಜವಾಗಿಯೂ ಕೈ ಚಾಚಿದಳು. ಆ ಕೈಯನ್ನು ಹಿಡಿದು ಅವನೇ ಇಳಿಸಿದ.

"ಇನ್ನೊಂದು ಮಾತು," ಎಂದಳು. "ಚಿಕ್ಕದು ತರ್ತೀನಿ ಅಂದಿದ್ದಳು... ಅರ್ಧ ಸೇರಿಸ್ಕೊಂಡು ದೊಡ್ಡದಕ್ಕೆ ನಿಂತಳು. ಅದು ಅವಳಿಗೆ ಗೊತ್ತಾಗಕೂಡದು. ಗೊತ್ತಾದ್ರೆ... ಇನ್ನು ಯಾವ ಮೀಟರ್ ಓದೋಕೂ ಅವಳ ಕೈಲಿ ಆಗಲ್ಲ. ಏನಾದ್ರೂ ಹೇಳಿ. ಆದ್ರೆ ಅದನ್ನ ಹೇಳ್ಬೇಡಿ."

"ಹೇಳಲ್ಲ."

"ಆಣೆ?"

"ಆಣೆ."

ಅವನು ಅವಳ ಕೈ ಹಿಡಿದು, ಉಸಿರು ಎಣಿಸುತ್ತ ಕೂತ. ನಿಮಿಷಕ್ಕೆ ನಲವತ್ತು, ನಲವತ್ನಾಲ್ಕು. ಆಮೇಲೆ ಮೂವತ್ತು. ಆಮೇಲೆ ಹದಿನೆಂಟು. ಇಳಿದದ್ದು ನೋಡಿ ಮೊದಲು ಒಳ್ಳೆಯದಕ್ಕೇ ಎಂದುಕೊಂಡ. ಹತ್ತಕ್ಕೆ ಬಂದಾಗ ಎದ್ದು ತಿರುಗಣೆಯನ್ನು ಎರಡಕ್ಕಲ್ಲ, ಆರಕ್ಕೆ ತಿರುಗಿಸಿದ. ಹೆಸರು ಹಿಡಿದು ಕೂಗಿದ. ಮೂರು ಗಂಟೆಗೆ ಎಣಿಸುವುದಕ್ಕೆ ಏನೂ ಇರಲಿಲ್ಲ.

ಮುಳ್ಳು ಮೂವತ್ತೊಂದರ ಮೇಲೆ ನಿಂತಿತ್ತು.

ಆಮೇಲೆ ಎದ್ದು, ಒದ್ದೆ ಬಟ್ಟೆ ತಂದು ಬಾಗಿಲ ಹಿಂದಿನ ಬೆಳಗಿನ ಲೆಕ್ಕವನ್ನು ಒರೆಸಿದ. ಹಳೆಯ ಮೂರು ಸಾಲು ಹಾಗೇ ಬಿಟ್ಟ. ಅಡುಗೆಕೋಣೆಯ ಒಲೆ ಆರಿದೆಯೇ ಎಂದು ನೋಡಿದ, ಕಿಟಕಿಗಳನ್ನೆಲ್ಲ ತೆಗೆದ. ಸಿಲಿಂಡರಿನ ಬಳಿ ಬಂದು, ಅವಳ ಮೂಗಿನ ನಳಿಕೆ ಬಿಡಿಸಿ, ಉಳಿದ ಗಾಳಿಯನ್ನು ಪೂರಾ ಬಿಟ್ಟುಬಿಟ್ಟ. ಬೆಳಗಿನಿಂದ ತೊಟ್ಟು ತೊಟ್ಟಾಗಿ ಹಿಡಿದಿಟ್ಟ ಮುನ್ನೂರ ಹತ್ತು ಲೀಟರ್, ಅರ್ಧ ಲೋಟ ಚಹಾ ಕುದಿಯುವಷ್ಟು ಕಸುವು, ಅವಳು ಮಗಳಿಗೋಸ್ಕರ ಬೇಡವೆಂದ ಗಾಳಿ ಬುಸ್ಸೆಂದು ಕೋಣೆಯಲ್ಲಿ ತುಂಬಿ ಕಿಟಕಿಯಿಂದ ಹೋಯಿತು. ಮುಳ್ಳು ಸೊನ್ನೆಗೆ ಮಲಗುವವರೆಗೂ ಅವನು ಅದರ ಮುಂದೆ ನಿಂತೇ ಇದ್ದ.

ಆರಕ್ಕೆ ಹತ್ತು ನಿಮಿಷ ಇರುವಾಗ ಲಾರಿ ಬಂತು. ಮಗಳು ಸಿಲಿಂಡರಿನ ಪಕ್ಕ ನಿಂತೇ ಬಂದಿದ್ದಳು. ಇಳಿಯುತ್ತಲೇ, "ಅಪ್ಪ, ತಂದಿದೀನಿ! ಪೂರ್ತಿ ನೂರೈವತ್ತಿದೆ!" ಎಂದು ಕೂಗಿದಳು.

ಒಳಗೆ ಬಂದವಳು ಮೊದಲು ತಾಯಿಯನ್ನು ನೋಡಿದಳು. ಅವಳ ಅಳು ನಿಂತಾದ ಮೇಲೆ ಮುಳ್ಳನ್ನು ನೋಡಿದಳು. "ಹೇಗಪ್ಪ? ಎಂಟು ಅಂದಿದ್ದೆಯಲ್ಲ. ಎಂಟು ಅಂದ್ರೆ..."

"ಹನ್ನೆರಡು ಇತ್ತು," ಎಂದ ಪೌಂಡಪ್ಪ. "ವಾಷರ್ ಸೋರಿತು."

"ನೊರೆ ಹಚ್ಚಿ ನೋಡಲಿಲ್ವಾ?"

"ಮರೆತೆ."

"ನೀನಾ?"

"ಹೂಂ. ನಾನೇ."

ಅವಳು ನೋಡಿದ ಹಾಗೆ ಅವನನ್ನು ಜೀವಮಾನದಲ್ಲಿ ಯಾರೂ ನೋಡಿರಲಿಲ್ಲ. ಬೀದಿಯವರಿಗೂ ಸುದ್ದಿ ಮುಟ್ಟಿತು. ಕಾರ್ಖಾನೆಯ ಹಳಬರು ಬಂದು ಕೂತು ಎದ್ದುಹೋದರು. ಪೌಂಡಪ್ಪ ಬಿಗಿದ ವಾಷರ್ ಸೋರಿತಂತೆ, ಹೆಂಡತಿ ಹೋದಳಂತೆ. ವಯಸ್ಸಾಯಿತು, ಪಾಪ, ಎಂದರು. ಮಗಳು ಊಟಕ್ಕೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೆಲಸಕ್ಕೆ ಮಾತ್ರ ದಿನಾ ಹೋಗುತ್ತಿದ್ದಳು. ಅವಳು ಮೀಟರ್ ಪುಸ್ತಕ ಕಂಕುಳಲ್ಲಿಟ್ಟು ಹೊರಡುವುದನ್ನು ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಸೇತುವೆ ರಿಪೇರಿಯಾದ ಮೇಲೆ ಡಿಪೋದ ಮೇಸ್ತ್ರಿ ಖಾಲಿ ಸಿಲಿಂಡರ್ ಒಯ್ಯಲು ಬಂದ. ಅವನೂ ಕಬ್ಬಿಣದಲ್ಲಿ ಕೈ ಕಪ್ಪಾದವನು, ಪೌಂಡಪ್ಪನ ಹೆಸರು ಕೇಳಿ ಬಲ್ಲವನು. ಜೋಡಣೆ ಬಿಚ್ಚಿ, ವಾಷರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಯಜಮಾನ್ರೇ, ಇದು ಸೋರೋ ವಾಷರ್ ಅಲ್ಲ. ಒಂದು ಗೀರಿಲ್ಲ, ಕೂತ ಅಚ್ಚು ನೋಡಿ, ದುಂಡಗೆ ಬಂದಿದೆ. ನನ್ನ ಕೈಲಿ ಕೊಡಿ. ಡಿಪೋದಲ್ಲಿ ಪರೀಕ್ಷೆ ಮಾಡೋ ಬೆಂಚಿದೆ, ನೂರೈವತ್ತು ಬಾರ್ ಹಾಕಿ ನಾನೇ ನೋಡ್ತೀನಿ. ನಿಮ್ಮ ತಪ್ಪಿಲ್ಲ ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ನಿಮ್ಮಂಥೋರ ಮೇಲೆ ಇಂಥಾ ಮಾತು ಉಳೀಬಾರ್ದು."

ಮಗಳು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಆಸೆ ಕಂಡಿತು. "ಮಾಡ್ಸಪ್ಪ," ಎಂದಳು. "ನಿನ್ನಿಂದ ಆಗಲಿಲ್ಲ ಅಂತ ಗೊತ್ತಾಗ್ಲಿ. ನನಗೆ ಅಷ್ಟು ಸಾಕು."

ಪೌಂಡಪ್ಪ ಮೇಸ್ತ್ರಿಯ ಅಂಗೈಯಿಂದ ಆ ಬಿಳಿ ವಾಷರನ್ನು ಎತ್ತಿಕೊಂಡು ಜೇಬಿಗೆ ಹಾಕಿದ.

"ಬೇಡಪ್ಪ. ನಿನ್ನ ಮನಸ್ಸು ದೊಡ್ಡದು, ಆದ್ರೆ ನಿನ್ನ ಬೆಂಚು ನನಗೆ ಬೇಡ. ನಲವತ್ತು ವರ್ಷ ನಾನು ಬಿಗಿದ ವಾಷರ್ ಒಂದೂ ಸೋರಿರಲಿಲ್ಲ, ಇದೊಂದು ಸೋರಿತು. ಸೋರಿತು ಅಂತ ನಾನು ಹೇಳಿದ ಮೇಲೆ ಸೋರಿತು. ಸಿಲಿಂಡರ್ ತಗೊಂಡು ಹೊರಡು."